ಪಾಯಿಂಟ್ಸ್ ಟೇಬಲ್ ಇಲ್ಲದ ತಂಡ

"ಇವರು ಯಾವ ಗುಂಪಲ್ಲಿದ್ದಾರೆ?" ಅಂತ ಅಪ್ಪ ಕೇಳಿದರು.

2022ರ ಸೆಪ್ಟೆಂಬರ್ 3, ಶನಿವಾರ. ನಾವು ಅಮೆರಿಕದ ಈಸ್ಟ್ ಹಾರ್ಟ್‌ಫರ್ಡ್‌ನಲ್ಲಿ, ರೆಂಟ್ಶ್ಲರ್ ಫೀಲ್ಡ್ ಅನ್ನುವ ಕ್ರೀಡಾಂಗಣದಲ್ಲಿ ಕೂತಿದ್ದೆವು. ಮಗಳು ಯುಕಾನ್‌ಗೆ, ಅಂದರೆ ಯೂನಿವರ್ಸಿಟಿ ಆಫ್ ಕನೆಕ್ಟಿಕಟ್‌ಗೆ, ಸೇರಿ ಸ್ವಲ್ಪ ದಿನವಾಗಿತ್ತಷ್ಟೆ. ಅವಳು ಕಾಲೇಜಿನ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ನಾವು ಬಂದಿದ್ದು ಅವಳನ್ನು ನೋಡಲು. ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್, ಜೊತೆಗೆ ಬಂತು. ಅಪ್ಪ ಜೂನ್‌ನಲ್ಲಿ ತಿಪಟೂರಿನಿಂದ ಆರು ತಿಂಗಳಿಗೆ ಬಂದಿದ್ದರು. ಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಪೀಟಿ ಮೇಷ್ಟ್ರಾಗಿದ್ದವರು. ಯಾವ ಆಟವಾದರೂ ಸರಿ, ಅವರಿಗೆ ಮೊದಲು ನಿಯಮ ಗೊತ್ತಾಗಬೇಕು, ಆಮೇಲೆ ಪಾಯಿಂಟ್ಸ್ ಟೇಬಲ್ ಬೇಕು.

ನಿಯಮ ಹೇಳಿದೆ. ನಾಲ್ಕು ಅವಕಾಶ ಇರುತ್ತೆ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ. ಅದು ಅವರಿಗೆ ತಕ್ಷಣ ಹಿಡಿಯಿತು. ಟೇಬಲ್ ವಿಷಯಕ್ಕೆ ಬಂದಾಗ ನಾನು ತಡವರಿಸಿದೆ.

"ಯಾವ ಗುಂಪಲ್ಲೂ ಇಲ್ಲ ಅಪ್ಪ. ಇಂಡಿಪೆಂಡೆಂಟ್ ಅಂತಾರೆ."

"ಹಂಗಾದ್ರೆ ಗೆದ್ರೆ ಏನು ಸಿಗುತ್ತೆ?"

ಅಷ್ಟರಲ್ಲಿ ಬ್ಯಾಂಡ್ ಮೈದಾನಕ್ಕೆ ಇಳಿಯಿತು. ಒಂದೇ ಬಣ್ಣದ ಟೋಪಿಗಳ ಸಾಲಿನಲ್ಲಿ ಮೊಮ್ಮಗಳು ಯಾರು ಅಂತ ಅಪ್ಪ ಹುಡುಕತೊಡಗಿದರು. ಪ್ರಶ್ನೆ ಹಾಗೇ ಉಳಿಯಿತು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನ ಜೊತೆ ಇಡೀ ಸೀಸನ್ ಇತ್ತು.

ಅಮೆರಿಕದ ಕಾಲೇಜು ಫುಟ್‌ಬಾಲ್ ನಡೆಯುವುದೇ ಕಾನ್ಫರೆನ್ಸ್‌ಗಳ ಮೇಲೆ. ಹಲವು ಕಾಲೇಜುಗಳು ಸೇರಿ ಒಂದು ಕೂಟ ಮಾಡಿಕೊಳ್ಳುತ್ತವೆ. ಒಬ್ಬರ ಜೊತೆ ಒಬ್ಬರು ಆಡುತ್ತಾರೆ, ಕೊನೆಗೆ ಒಬ್ಬರು ಚಾಂಪಿಯನ್. ಟೀವಿಯವರು ಹಣ ಕೊಡುವುದು ಕೂಟಕ್ಕೆ. ಸೀಸನ್ ಮುಗಿದ ಮೇಲೆ ಕರೆ ಬಂದ ತಂಡಗಳಷ್ಟೇ ಆಡುವ ಬೌಲ್ ಪಂದ್ಯಗಳ ಜಾಗ ಸಿಗುವುದೂ ಹೆಚ್ಚಾಗಿ ಕೂಟದ ಮೂಲಕ. ಕೂಟದಲ್ಲಿದ್ದರೆ ಐದು ಮ್ಯಾಚ್ ಸೋತ ತಂಡಕ್ಕೂ "ನಾವು ನಾಲ್ಕನೇ ಸ್ಥಾನ" ಅಂತ ಹೇಳಿಕೊಳ್ಳಲು ಒಂದು ಜಾಗ ಇರುತ್ತದೆ. ಇಂಡಿಪೆಂಡೆಂಟ್ ತಂಡಕ್ಕೆ ಅದೇನೂ ಇಲ್ಲ. ಅದು ಗೆಲ್ಲಬಹುದಾದ ಕೂಟದ ಟ್ರೋಫಿಯೇ ಇಲ್ಲ. ಹನ್ನೆರಡು ಮ್ಯಾಚುಗಳನ್ನೂ ತಾನೇ ಹುಡುಕಿಕೊಳ್ಳಬೇಕು. ಇವರಿಗೆ ಫೋನ್ ಮಾಡಬೇಕು, ಅವರನ್ನು ಕೇಳಬೇಕು. ಅದೂ ಎಷ್ಟೋ ವರ್ಷ ಮೊದಲೇ.

2022ರಲ್ಲಿ ದೊಡ್ಡ ಹಂತದಲ್ಲಿ ಹೀಗಿದ್ದದ್ದು ಏಳೇ ತಂಡ: ನೋಟರ್ ಡೇಮ್, ಬಿವೈಯು, ಸೇನಾ ಅಕಾಡೆಮಿಯ ಆರ್ಮಿ, ಲಿಬರ್ಟಿ, ನ್ಯೂ ಮೆಕ್ಸಿಕೊ ಸ್ಟೇಟ್, ಯುಮಾಸ್ ಮತ್ತು ನಮ್ಮ ಯುಕಾನ್. ನೋಟರ್ ಡೇಮ್ ಮಾತು ಬೇರೆ. ಅದಕ್ಕೆ ದೇಶವಿಡೀ ಅಭಿಮಾನಿಗಳು, ಸ್ವಂತ ಟೀವಿ ಒಪ್ಪಂದ. ಅದು ಬೇಕೆಂದೇ ಒಂಟಿ. ಉಳಿದವರು ಒಬ್ಬೊಬ್ಬರಾಗಿ ಕೂಟ ಸೇರಿದರು. 2023ರಲ್ಲಿ ಬಿವೈಯು, ಲಿಬರ್ಟಿ, ನ್ಯೂ ಮೆಕ್ಸಿಕೊ ಸ್ಟೇಟ್. 2024ರಲ್ಲಿ ಆರ್ಮಿ. 2025ರಲ್ಲಿ ಯುಮಾಸ್ ಕೂಡ. ಕೊನೆಗೆ ಉಳಿದದ್ದು ನೋಟರ್ ಡೇಮ್ ಮತ್ತು ಯುಕಾನ್, ಇಬ್ಬರೇ.

ಯುಕಾನ್ ಯಾಕೆ ಒಂಟಿಯಾಯಿತು? ಬಾಸ್ಕೆಟ್‌ಬಾಲ್‌ಗಾಗಿ. ಈ ಕಾಲೇಜಿನ ಜೀವ ಇರುವುದು ಬಾಸ್ಕೆಟ್‌ಬಾಲ್‌ನಲ್ಲಿ. 2022ರ ಹೊತ್ತಿಗೇ ಗಂಡಸರ ತಂಡ 4 ಸಲ, ಹೆಂಗಸರ ತಂಡ 11 ಸಲ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಹಳೆಯ ಬಿಗ್ ಈಸ್ಟ್ ಕೂಟ ಒಡೆದು ಸಿರಕ್ಯೂಸ್, ರಟ್ಗರ್ಸ್, ಲೂಯಿವಿಲ್ ಎಲ್ಲ ದೊಡ್ಡ ಕೂಟಗಳಿಗೆ ಹೋದಾಗ ಯುಕಾನ್‌ನ್ನು ಯಾರೂ ಕರೆಯಲಿಲ್ಲ. ಉಳಿದವರ ಜೊತೆ ಅಮೆರಿಕನ್ ಕಾನ್ಫರೆನ್ಸ್ ಅನ್ನುವ ಕೂಟದಲ್ಲಿ ಏಳು ವರ್ಷ ಕಳೆಯಿತು. ಎದುರಾಳಿಗಳು ಟೆಕ್ಸಸ್, ಒಕ್ಲಹೋಮ, ಲೂಸಿಯಾನಾದವರು. ಇಲ್ಲಿನ ಜನಕ್ಕೆ ಅವರ ಮೇಲೆ ಪ್ರೀತಿಯೂ ಇಲ್ಲ, ಜಗಳವೂ ಇಲ್ಲ. 2020ರಲ್ಲಿ 17 ಮಿಲಿಯನ್ ಡಾಲರ್ ಕೊಟ್ಟು ಹೊರಬಂದು, ಮತ್ತೆ ಕಟ್ಟಿಕೊಂಡಿದ್ದ ಬಿಗ್ ಈಸ್ಟ್ ಸೇರಿತು. ಆದರೆ ಆ ಕೂಟದಲ್ಲಿ ಫುಟ್‌ಬಾಲ್ ಇಲ್ಲ. ಮನೆಯವರೆಲ್ಲ ಹಳೆಯ ಊರಿಗೆ ವಾಪಸ್ ಹೋದರು, ಫುಟ್‌ಬಾಲ್ ಒಂದು ಬಸ್‌ಸ್ಟ್ಯಾಂಡಿನಲ್ಲಿ ಉಳಿಯಿತು.

ಒಂಟಿಯಾಗಿ ಆಡಬೇಕಿದ್ದ ಮೊದಲ ಸೀಸನ್ ಆಡಲೇ ಇಲ್ಲ. ಕೋವಿಡ್ ಕಾರಣಕ್ಕೆ 2020ರ ಸೀಸನ್ ಕೈಬಿಟ್ಟ ಮೊದಲ ದೊಡ್ಡ ತಂಡ ಯುಕಾನ್. ಮರುವರ್ಷ 12ರಲ್ಲಿ 11 ಸೋಲು. ಚಿಕ್ಕ ಹಂತದ ಹೋಲಿ ಕ್ರಾಸ್ ಕೈಲೂ ಸೋತ ಮೇಲೆ ಕೋಚ್ ರ‍್ಯಾಂಡಿ ಎಡ್ಸಲ್ ಕೆಲಸ ಬಿಟ್ಟರು. ಈ ತಂಡವನ್ನು 2011ರ ಜನವರಿಯಲ್ಲಿ ದೊಡ್ಡ ಬೌಲ್‌ಗಳಲ್ಲೊಂದಾದ ಫಿಯೆಸ್ಟಾ ಬೌಲ್‌ವರೆಗೆ ಕರೆದುಕೊಂಡು ಹೋಗಿದ್ದವರೂ ಅವರೇ. 2021ರ ಆ ಏಕೈಕ ಗೆಲುವು ಯೇಲ್ ಮೇಲೆ, 21-15. ನಮ್ಮ ಆಫೀಸಿನಲ್ಲಿ ಯುಕಾನ್ ಫುಟ್‌ಬಾಲ್ ಅನ್ನುವ ಮಾತು ಬಂದರೆ ಜನ ವಿಷಯ ಬದಲಿಸುತ್ತಿದ್ದರು. ಈ ಕಾರ್ಯಕ್ರಮವನ್ನೇ ಮುಚ್ಚಿಬಿಡಿ ಅನ್ನುವವರೂ ಇದ್ದರು. ಆಗ ಬಂದವರು ಜಿಮ್ ಮೋರಾ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅಟ್ಲಾಂಟಾ, ಸಿಯಾಟಲ್ ತಂಡಗಳಿಗೆ, ಆಮೇಲೆ ಯುಸಿಎಲ್‌ಎ ಅನ್ನುವ ಕಾಲೇಜಿಗೆ ಕೋಚ್ ಆಗಿದ್ದವರು.

ಸೆಪ್ಟೆಂಬರ್ 3ರ ಆ ಮ್ಯಾಚು ಸೆಂಟ್ರಲ್ ಕನೆಕ್ಟಿಕಟ್ ಜೊತೆ. 28-3ರಲ್ಲಿ ಗೆದ್ದೆವು. ಅದು ಕೆಳಗಿನ ಹಂತದ ತಂಡ. ಬೌಲ್‌ಗೆ ಅರ್ಹರಾಗಲು ಆರು ಗೆಲುವು ಬೇಕು, ಅದರಲ್ಲಿ ಇಂಥದ್ದು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಇದನ್ನು ಹೇಳಿದ್ದೇ ತಡ, ಅಪ್ಪನಿಗೆ ಹಿಡಿದುಕೊಳ್ಳಲು ಏನೋ ಸಿಕ್ಕಂತಾಯಿತು. ಮನೆಗೆ ಬಂದು ಮಗಳ ಹಳೆಯ ನೋಟ್‌ಬುಕ್ಕೊಂದರಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರು. ತಾರೀಕು, ಎದುರಾಳಿ, ಊರು, ಸ್ಕೋರು. ಕೊನೆಯಲ್ಲಿ ಅಗಲವಾದ ಒಂದು ಕಾಲಂ, ಮೇಲೆ "ಷರಾ" ಅಂತ ಬರೆದರು. ಒಂದೇ ತಂಡದ ಟೇಬಲ್ಲು.

ಹಿಂದಿನ ವಾರದ ಮ್ಯಾಚನ್ನೂ ಸೇರಿಸಿದರು. ಆಗಸ್ಟ್ 27, ಯೂಟಾ ಸ್ಟೇಟ್, ಲೋಗನ್, 31-20 ಸೋಲು. ಅಲ್ಲಿ 14-0 ಮುಂದಿದ್ದು ಸೋತಿದ್ದರು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಟಕ್ವಾನ್ ರಾಬರ್ಸನ್ ಮಂಡಿಗೆ ಪೆಟ್ಟು ಮಾಡಿಕೊಂಡು ಸೀಸನ್‌ನಿಂದಲೇ ಹೊರಬಿದ್ದ. ಚೆಂಡು ಹಿಡಿಯುವ ಕೀಲನ್ ಮೇರಿಯನ್‌ನ ಭುಜದ ಹತ್ತಿರದ ಮೂಳೆ ಮುರಿಯಿತು. ಆಮೇಲೆ ತಂಡ ನಡೆಸಿದ್ದು ಜಾಯನ್ ಟರ್ನರ್, ಫ್ಲಾರಿಡಾದಿಂದ ಬಂದ ಮೊದಲ ವರ್ಷದ ಹುಡುಗ. "ಅಂದ್ರೆ ನಮ್ಮ ಪುಟ್ಟಿ ಬ್ಯಾಚು" ಅಂದರು ಅಪ್ಪ. ಅವತ್ತಿನಿಂದ ಟರ್ನರ್ ನಮ್ಮ ಮನೆ ಹುಡುಗನಾದ. ಚೆಂಡು ತಪ್ಪಾಗಿ ಎಸೆದರೆ ಅಪ್ಪ ಸೀಟಿನಲ್ಲೇ "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಿದ್ದರು.

ಆಮೇಲಿನ ಮೂರು ವಾರ ಕಷ್ಟದ್ದು. ಮನೆಯಂಗಳದಲ್ಲೇ ಸಿರಕ್ಯೂಸ್ ಕೈಲಿ 48-14. ರ‍್ಯಾಲಿಯಲ್ಲಿ ಎನ್‌ಸಿ ಸ್ಟೇಟ್ ಕೈಲಿ 41-10. ಇವೆರಡರ ನಡುವೆ ಮಿಶಿಗನ್. ಆ್ಯನ್ ಆರ್ಬರ್‌ನಲ್ಲಿ ಲಕ್ಷಕ್ಕೂ ಜಾಸ್ತಿ ಜನರ ಮುಂದೆ 59-0.

ಆ ಮ್ಯಾಚನ್ನು ಟೀವಿಯಲ್ಲಿ ನೋಡುತ್ತಾ ನನಗೆ ಹೊಟ್ಟೆ ಉರಿಯಿತು. ದೊಡ್ಡ ತಂಡಗಳು ದುಡ್ಡು ಕೊಟ್ಟು ಸಣ್ಣ ತಂಡಗಳನ್ನು ಕರೆಸಿಕೊಳ್ಳುತ್ತವೆ. ಬಂದವರು ಸೋಲುತ್ತಾರೆ, ಚೆಕ್ ತೆಗೆದುಕೊಂಡು ಹೋಗುತ್ತಾರೆ. ಆ ದುಡ್ಡಿನಲ್ಲಿ ಕಾರ್ಯಕ್ರಮ ನಡೆಯುತ್ತದೆ. 2013ರಲ್ಲಿ ಇದೇ ಮಿಶಿಗನ್ ಈಸ್ಟ್ ಹಾರ್ಟ್‌ಫರ್ಡ್‌ಗೆ ಬಂದು, ಕಷ್ಟಪಟ್ಟು 24-21ರಲ್ಲಿ ಗೆದ್ದು ಹೋಗಿತ್ತು. ಈ ಸಲ ನಾವೇ ಹೋಗಬೇಕು, ಹೊಡೆಸಿಕೊಳ್ಳಬೇಕು. ಹುಡುಗರನ್ನು ಹೀಗೆ ಕಳಿಸೋದು ಸರೀನಾ ಅಂತ ನಾನು ಸಿಟ್ಟಿನಿಂದ ಹೇಳಿದೆ.

ಅಪ್ಪ ಟೀವಿ ಶಬ್ದ ಕಡಿಮೆ ಮಾಡಿದರು. ಆಮೇಲೆ ನಾನು ಇಷ್ಟು ವರ್ಷದಲ್ಲಿ ಕೇಳಿರದ ಒಂದು ವಿಷಯ ಹೇಳಿದರು.

ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಹುಡುಗರು ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಮೊದಲನೇ ಮ್ಯಾಚಿಗೇ ಸೋತು ಬರುತ್ತಿದ್ದರಂತೆ. ಒಂದು ದಿನದ ವಾಲಿಬಾಲ್, ಅಷ್ಟೇ. ಅದರೊಂದಿಗೆ ವರ್ಷ ಮುಗಿಯಿತು. ಗೆದ್ದವರು ತಾಲ್ಲೂಕಿಗೆ ಹೋಗುತ್ತಾರೆ, ಸೋತವರಿಗೆ ಮುಂದಿನ ವರ್ಷದ ತನಕ ಆಟವೇ ಇಲ್ಲ. ಅಪ್ಪನಿಗೆ ಇದು ಸಹಿಸಲಿಲ್ಲ. ಹೆಡ್‌ಮಾಸ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡು ಸೈಕಲ್ ಹತ್ತಿದರು. ಸುತ್ತಮುತ್ತಲಿನ ಒಂದೊಂದೇ ಹೈಸ್ಕೂಲಿಗೆ ಹೋಗಿ, "ನಮ್ಮ ಹುಡುಗರ ಜೊತೆ ಒಂದು ಮ್ಯಾಚ್ ಆಡಿ ಸಾರ್" ಅಂತ ಕೇಳಿದರು. ಕೆಲವರು ಒಪ್ಪಿದರು. ಕೆಲವರು "ಕಪ್ ಏನಾದ್ರೂ ಇದೆಯಾ?" ಅಂತ ಕೇಳಿದರು. ಕಪ್ ಇರಲಿಲ್ಲ. ಟೌನಿನ ದೊಡ್ಡ ಸ್ಕೂಲಿನವರು ತಮ್ಮ ಹುಡುಗರಿಗೆ ಪ್ರಾಕ್ಟೀಸ್ ಆಗಲಿ ಅಂತ ಬಸ್ ಚಾರ್ಜು ಕೊಟ್ಟು ಕರೆಸುತ್ತಿದ್ದರು. ಒಂದು ತಟ್ಟೆ ಉಪ್ಪಿಟ್ಟು, ಬಾಳೆಹಣ್ಣು. ಚೆನ್ನಾಗಿ ಸೋಲಿಸಿ ಕಳಿಸುತ್ತಿದ್ದರು.

"ಬೇಜಾರಾಗ್ತಿರಲಿಲ್ವಾ?" ಅಂದೆ.

"ಸೋತಿದ್ದಕ್ಕೆ ಬೇಜಾರಿಲ್ಲ ಕಣೋ. ದೊಡ್ಡವರ ಸರ್ವೀಸು ಹೆಂಗಿರುತ್ತೆ ಅಂತ ನಮ್ಮ ಹುಡುಗ್ರಿಗೆ ಗೊತ್ತಾಗಿದ್ದೇ ಅಲ್ಲಿ. ನನಗೆ ಬೇಜಾರಾಗ್ತಿದ್ದಿದ್ದು ಬೇರೆ. ಅವರು ಒಂದು ಸಲಾನೂ ನಮ್ಮೂರಿಗೆ ತಿರುಗಿ ಬರಲಿಲ್ಲ. ಮೂರು ವರ್ಷ ಕರೆದೆ. ಗ್ರೌಂಡಿಗೆ ಸುಣ್ಣದ ಗೆರೆ ಹಾಕಿಸಿ ಕಾದಿದ್ದೂ ಉಂಟು."

ಷರಾ ಕಾಲಂನಲ್ಲಿ ಅವರು ಮಿಶಿಗನ್ ಎದುರು ಬರೆದದ್ದು: "ಪೂರ್ತಿ ಆಡಿದರು."

ನಾನು ಬೆಳೆದದ್ದೇ ಪಟ್ಟಿಗಳ ನಡುವೆ. ಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ ಮಾರ್ಕ್ಸ್ ಪಟ್ಟಿ, ಸಿಇಟಿ ರ‍್ಯಾಂಕು, ಆಫೀಸಿನಲ್ಲಿ ವರ್ಷಕ್ಕೊಮ್ಮೆ ರೇಟಿಂಗು. ಎಷ್ಟನೆಯವನು ಅಂತ ಗೊತ್ತಾಗದಿದ್ದರೆ ನನಗೆ ಮಾಡಿದ ಕೆಲಸವೇ ಕಾಣುವುದಿಲ್ಲ. ಮಗಳಿಗೂ ಅದನ್ನೇ ಕಲಿಸಿದ್ದೇನೆ ಅಂತ ಆ ಶರತ್ಕಾಲದಲ್ಲಿ ಮೊದಲ ಸಲ ಅನ್ನಿಸಿತು. ಅವಳು ಬ್ಯಾಂಡ್ ಸೇರುತ್ತೇನೆ ಅಂದಾಗ ನಾನು ಕೇಳಿದ್ದು, "ಅದಕ್ಕೆ ಕ್ರೆಡಿಟ್ ಎಷ್ಟು?" "ಗೆದ್ರೆ ಏನು ಸಿಗುತ್ತೆ" ಅಂತ ಅಪ್ಪ ಕೇಳಿದ್ದು ಗೊತ್ತಿಲ್ಲದ ಆಟದ ಬಗ್ಗೆ. ನಾನು ಕೇಳಿದ್ದು ಸ್ವಂತ ಮಗಳನ್ನು. ಅವಳು ಬೇಸಿಗೆಯಿಡೀ ನೆಟ್ಟಗೆ ಕೂತು ಅಭ್ಯಾಸ ಮಾಡಿದ್ದನ್ನು ನಾನು ನೋಡಿದ್ದೆ. ಆದರೂ ಕೇಳಿದ್ದೆ.

ಅಕ್ಟೋಬರ್ 1, ಫ್ರೆಸ್ನೋ ಸ್ಟೇಟ್. ನವರಾತ್ರಿ ನಡೆಯುತ್ತಿತ್ತು. ಬೆಳಿಗ್ಗೆ ಬೊಂಬೆಗಳಿಗೆ ಆರತಿ ಎತ್ತಿ, ಚರ್ಪು ಡಬ್ಬಿಗೆ ತುಂಬಿಕೊಂಡು ಹೊರಟೆವು. ಡಬ್ಬಿ ಒಳಗೆ ಬಿಡುವುದಿಲ್ಲ ಅಂತ ಗೊತ್ತಿತ್ತು. ಕಾರು ನಿಲ್ಲಿಸಿದ ಜಾಗದಲ್ಲೇ ಬ್ಯಾಂಡ್ ಹುಡುಗರಿಗೆ ಹಂಚಿದೆವು. ರೆಂಟ್ಶ್ಲರ್ ಫೀಲ್ಡ್ ಇರುವುದು ಕ್ಯಾಂಪಸ್ಸಿನಲ್ಲಿ ಅಲ್ಲ. ಕಾಲೇಜು ಇರುವ ಸ್ಟೋರ್ಸ್‌ನಿಂದ ಇಪ್ಪತ್ತು ಮೈಲಿಗೂ ಜಾಸ್ತಿ ದೂರ. ವಿಮಾನದ ಎಂಜಿನ್ ಮಾಡುವ ಪ್ರ್ಯಾಟ್ ಅಂಡ್ ವಿಟ್ನಿಯವರ ಹಳೆಯ ರನ್‌ವೇ ಇದ್ದ ಜಾಗದಲ್ಲಿ 2003ರಲ್ಲಿ ಕಟ್ಟಿದ್ದು. ವಿದ್ಯಾರ್ಥಿಗಳು ಬಸ್ಸಿನಲ್ಲಿ ಬರಬೇಕು. ತಂಡ ಸೋಲುತ್ತಿದ್ದರೆ ಆ ಬಸ್ಸು ಹತ್ತುವವರು ಯಾರು? ಸುಮಾರು ನಲವತ್ತು ಸಾವಿರ ಜನ ಹಿಡಿಯುವ ಕ್ರೀಡಾಂಗಣದಲ್ಲಿ ಖಾಲಿ ಬೆಂಚುಗಳೇ ಜಾಸ್ತಿ.

ಆ ಖಾಲಿ ಬೆಂಚುಗಳ ಮುಂದೆ ನಮ್ಮವರು 19-14ರಲ್ಲಿ ಗೆದ್ದರು. ದೊಡ್ಡ ಹಂತದ ತಂಡವೊಂದನ್ನು ಯುಕಾನ್ ಸೋಲಿಸಿದ್ದು 2019ರ ಅಕ್ಟೋಬರ್ ನಂತರ ಅದೇ ಮೊದಲು. ಫ್ರೆಸ್ನೋದ ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯದಿಂದ ಆಡಿರಲಿಲ್ಲ, ನಿಜ. ನಮ್ಮವನೂ ಆಡಿರಲಿಲ್ಲವಲ್ಲ. ಅದೇ ಫ್ರೆಸ್ನೋ ಸ್ಟೇಟ್ ಆ ವರ್ಷ ತನ್ನ ಕೂಟದ ಚಾಂಪಿಯನ್ ಆಯಿತು. ಆ ಗೆಲುವಿನ ತೂಕ ನಮಗೆ ಡಿಸೆಂಬರಿನಲ್ಲಿ ಇನ್ನೂ ಚೆನ್ನಾಗಿ ಗೊತ್ತಾಯಿತು.

ಮಯಾಮಿಗೆ ಹೋಗಿ ಎಫ್‌ಐಯು ಮೇಲೆ 33-12 ಗೆಲುವು. ಮನ್ಸಿಯಲ್ಲಿ ಬಾಲ್ ಸ್ಟೇಟ್ ಕೈಲಿ 25-21 ಸೋಲು. ಅದು ಗೆಲ್ಲಬೇಕಿದ್ದ ಮ್ಯಾಚು.

ಆಮೇಲೆ ಬಾಸ್ಟನ್ ಕಾಲೇಜ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಲ್ಲಿಂದ ಎರಡು ಗಂಟೆಯೊಳಗಿನ ದಾರಿ. ನ್ಯೂ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಂದರೆ ತಾವೇ ಅನ್ನುವ ಪಕ್ಕದ ಮನೆಯವರು. ಅವರು 2005ರಲ್ಲೇ ಬಿಗ್ ಈಸ್ಟ್ ಬಿಟ್ಟು ದೊಡ್ಡ ಕೂಟಕ್ಕೆ ಹೋದರು. ಯುಕಾನ್ ಅವರನ್ನು ಅದುವರೆಗೆ ಒಂದು ಸಲವೂ ಸೋಲಿಸಿರಲಿಲ್ಲ. ಒಂದೇ ಒಂದು ಸಲವೂ. ಅಕ್ಟೋಬರ್ 29ರಂದು ನಮ್ಮವರು ಅವರಿಗೆ ಇಡೀ ಮ್ಯಾಚಿನಲ್ಲಿ ಬಿಟ್ಟುಕೊಟ್ಟದ್ದು ಮೂರು ಅಂಕ. 13-3. ಎದುರಾಳಿಗಳನ್ನು ತಡೆಯುವ ಲೈನ್‌ಬ್ಯಾಕರ್ ಜ್ಯಾಕ್ಸನ್ ಮಿಚೆಲ್ ಚೆಂಡು ಎಲ್ಲಿದೆಯೋ ಅಲ್ಲೆಲ್ಲ ಇದ್ದ. ಅವನು ಇಲ್ಲೇ ರಿಜ್‌ಫೀಲ್ಡ್‌ನ ಹುಡುಗ. ಮೊದಲ ವರ್ಷದ ರನ್ನರ್ ವಿಕ್ಟರ್ ರೋಸಾ ಬ್ರಿಸ್ಟಲ್‌ನವನು. ಕೂಟ ಇಲ್ಲದ ತಂಡಕ್ಕೆ ಸುತ್ತಲಿನ ಊರುಗಳೇ ಬೆನ್ನಿಗೆ ನಿಂತಂತೆ ನನಗೆ ಕಂಡಿತು.

ಪಕ್ಕದಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಬಿಳಿಯ ಮನುಷ್ಯ ಅಳುತ್ತಿದ್ದರು. ಮೈದಾನ ಕಟ್ಟಿದಾಗಿನಿಂದ ಬರುತ್ತಿದ್ದಾರಂತೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಅವರ ಕೈ ಹಿಡಿದು ಜೋರಾಗಿ ಕುಲುಕಿದರು. ಅವರು ಅಪ್ಪನ ತಲೆಗೆ ತಮ್ಮ ನೀಲಿ ಟೋಪಿ ಹಾಕಿದರು. ಈ ಗೆಲುವಿನಿಂದ ಯಾವ ಪಟ್ಟಿಯಲ್ಲೂ ಒಂದು ಸ್ಥಾನ ಮೇಲೆ ಹೋಗಲಿಲ್ಲ. ಸಿಕ್ಕಿದ್ದು ಬಾಸ್ಟನ್ ಕಾಲೇಜನ್ನು ಸೋಲಿಸಿದ್ದು, ಅಷ್ಟೇ. ಅದು ಎಷ್ಟಿತ್ತು ಅಂದರೆ ಮನೆಗೆ ಹೋಗುವ ದಾರಿಯಲ್ಲಿ ನಾವಿಬ್ಬರೂ ಮಾತೇ ಆಡಲಿಲ್ಲ.

ನವೆಂಬರ್ 4ರ ಶುಕ್ರವಾರ ರಾತ್ರಿ ಯುಮಾಸ್ ಮೇಲೆ 27-10. ಐದು ಗೆಲುವಾಯಿತು. ಇನ್ನೊಂದು ಬೇಕು. ಮುಂದಿನ ವಾರ ಬರುವವರು ಲಿಬರ್ಟಿ. ಅವರೂ ಒಂಟಿ ತಂಡವೇ. ಆದರೆ ದೇಶದಲ್ಲಿ 19ನೇ ರ‍್ಯಾಂಕು, ಹಿಂದಿನ ವಾರವಷ್ಟೇ ಅರ್ಕನ್ಸಾಗೆ ಹೋಗಿ ಗೆದ್ದು ಬಂದಿದ್ದರು. ನವೆಂಬರ್ 12. 36-33ರಲ್ಲಿ ಗೆದ್ದೆವು. ಕೊನೆಯ ನಿಮಿಷಗಳಲ್ಲಿ ಅಪ್ಪ ಕೂರಲೇ ಇಲ್ಲ. ಮಂಡಿನೋವು ಅಂತ ಮೆಟ್ಟಿಲು ಹತ್ತಲು ಕೈ ಹಿಡಿಸಿಕೊಳ್ಳುತ್ತಿದ್ದವರು ಬೆಂಚಿನ ಮೇಲೆ ನಿಂತಿದ್ದರು. ಹುಡುಗರೆಲ್ಲ ಮೈದಾನಕ್ಕೆ ನುಗ್ಗಿದರು. ಆ ನೂಕುನುಗ್ಗಲಿನ ನಡುವೆ ಬ್ಯಾಂಡ್ ಮಾತ್ರ ತನ್ನ ಜಾಗ ಬಿಡದೆ ನುಡಿಸುತ್ತಲೇ ಇತ್ತು. ಮಗಳನ್ನು ನೋಡಿದೆ. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ನುಡಿಸುತ್ತಿದ್ದಳು. ಕ್ರೆಡಿಟ್ ಎಷ್ಟು ಅಂತ ಕೇಳಿದ್ದಕ್ಕೆ ಅವತ್ತು ರಾತ್ರಿ ಅವಳ ಹತ್ತಿರ ಕ್ಷಮೆ ಕೇಳಿದೆ. ಅವಳಿಗೆ ಅದು ನೆನಪೇ ಇರಲಿಲ್ಲವಂತೆ.

ಹಿಂದಿನ ವರ್ಷ ಒಂದು ಗೆಲುವು. ಈ ವರ್ಷ ಆರು. ಆದರೂ ಒಂಟಿ ತಂಡಕ್ಕೆ ಆರು ಗೆಲುವು ಅಂದರೆ ಬರೀ ಅರ್ಹತೆ. ಕರೆ ಬರಬೇಕು. 2003ರಲ್ಲೂ ಯುಕಾನ್ ಒಂಟಿಯಾಗಿತ್ತು. ಆ ವರ್ಷ 12ರಲ್ಲಿ 9 ಗೆದ್ದಿತ್ತು, ಕ್ವಾರ್ಟರ್‌ಬ್ಯಾಕ್ ಡ್ಯಾನ್ ಓರ್ಲಾವ್‌ಸ್ಕಿ. ಒಬ್ಬರೂ ಬೌಲ್‌ಗೆ ಕರೆಯಲಿಲ್ಲ. ಹಳೆಯ ಅಭಿಮಾನಿಗಳಿಗೆ ಆ ನೋವು ಇನ್ನೂ ಹಾಗೇ ಇದೆ. ವೆಸ್ಟ್ ಪಾಯಿಂಟ್‌ನಲ್ಲಿ ಆರ್ಮಿ ಕೈಲಿ 34-17 ಸೋತು 6-6ರಲ್ಲಿ ನಿಂತಾಗ ನನಗೂ ಭಯವಿತ್ತು.

ಅಪ್ಪನ ವೀಸಾ ಅವಧಿ ನವೆಂಬರ್ ಕೊನೆಗೆ ಮುಗಿಯಿತು. ನೋಟ್‌ಬುಕ್ಕನ್ನು ಕೈಚೀಲದಲ್ಲೇ ಇಟ್ಟುಕೊಂಡರು. ಹನ್ನೆರಡು ಸಾಲು ತುಂಬಿತ್ತು, ಹದಿಮೂರನೆಯದಕ್ಕೆ ಗೆರೆ ಎಳೆದು ಖಾಲಿ ಬಿಟ್ಟಿದ್ದರು.

ಕರೆ ಬಂತು. ಮರ್ಟಲ್ ಬೀಚ್ ಬೌಲ್, ಡಿಸೆಂಬರ್ 19, ಎದುರಾಳಿ ಮಾರ್ಷಲ್. ಯುಕಾನ್ ಹಿಂದಿನ ಸಲ ಬೌಲ್ ಆಡಿದ್ದು 2015ರಲ್ಲಿ, ಅವತ್ತೂ ಎದುರಿಗಿದ್ದದ್ದು ಇದೇ ಮಾರ್ಷಲ್, ಅವತ್ತೂ ಸೋಲು. ಈ ಸಲವೂ 28-14ರಲ್ಲಿ ಸೋತರು. ತಿಪಟೂರಿನಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಬೆಳಿಗ್ಗೆ ಹೇಳೋಣ ಅಂದುಕೊಂಡಿದ್ದೆ, ಅಪ್ಪನೇ ಫೋನ್ ಮಾಡಿದರು. ಸ್ಕೋರ್ ಕೇಳಿ ಬರೆದುಕೊಂಡರು. ಪೆನ್ನಿನ ಸದ್ದು ಕೇಳಿಸಿತು.

"ಟರ್ನರ್ ಹೆಂಗಿದ್ದಾನೆ?"

"ಚೆನ್ನಾಗಿದ್ದಾನೆ ಅಪ್ಪ."

"ಮುಂದಿನ ವರ್ಷ ಮೊದಲನೇ ಮ್ಯಾಚು ಯಾರ ಜೊತೆ?"

ಆಗಸ್ಟ್ 31, ಎನ್‌ಸಿ ಸ್ಟೇಟ್ ಅಂದೆ. 41-10ರಲ್ಲಿ ಹೊಡೆದಿದ್ದರಲ್ಲ, ಅವರೇ.

"ಎಲ್ಲಿ? ಅವರೂರಲ್ಲೇನಾ?"

"ಇಲ್ಲ ಅಪ್ಪ. ಇಲ್ಲೇ, ನಮ್ಮ ಗ್ರೌಂಡಲ್ಲಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ತಿರುಗಿ ಬರ್ತಾರಾ?" ಅಂದರು.

"ಬರ್ತಾರೆ ಅಪ್ಪ."